ಶಿಬಿರದ ಮರುದಿನ: ಆದಿಚುಂಚನಗಿರಿ ಸೀಮೆಯಲ್ಲಿ ವೈದ್ಯಸೇವೆ

ಮಂಡ್ಯ ಜಿಲ್ಲೆಯೆಂದರೆ ಕಾವೇರಿಯ ನಾಲೆ, ಕಬ್ಬಿನ ಗದ್ದೆ, ಹೊಗೆಯಾಡುವ ಆಲೆಮನೆ ಎಂಬ ಕಲ್ಪನೆ ಹೊರಗಿನವರಲ್ಲಿ ಬೇರೂರಿದೆಯಾದರೂ, ಅದು ಜಿಲ್ಲೆಯ ಒಂದು ಭಾಗಕ್ಕೆ ಮಾತ್ರ ಒಪ್ಪುವಂಥದು. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ಬಹುಪಾಲು ನೆಲ ನಾಲೆಯ ನೀರನ್ನು ಕಂಡಿದ್ದರೆ, ಕೃಷ್ಣರಾಜಪೇಟೆ ಹೇಮಾವತಿಯ ನೀರಿಗೂ ಮಳೆಗೂ ಸಮನಾಗಿ ಕಾದು ಕೂರುವ ತಾಲ್ಲೂಕಾಗಿದೆ. ನಾಗಮಂಗಲವಂತೂ ರಾಗಿ, ಹುರುಳಿ, ತೆಂಗು ಮತ್ತು ಕೊಳವೆಬಾವಿಗಳ ಒಣಭೂಮಿ. ಈ ಭೇದ ಬೆಳೆಗೆ ಮಾತ್ರ ಸಂಬಂಧಿಸಿದ್ದಲ್ಲ, ರೋಗಗಳಿಗೂ ಸಂಬಂಧಿಸಿದ್ದು. ನೀರಾವರಿಯ ಊರುಗಳಲ್ಲಿ ಒಂದು ಕಾಲಕ್ಕೆ ಮಲೇರಿಯಾ ಮನೆಮಾಡಿತ್ತು. ಈಗ ಅಲ್ಲಿನ ಆಸ್ಪತ್ರೆಗಳಿಗೆ ಕ್ರಿಮಿನಾಶಕ ಸೇವಿಸಿದವರೂ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರೂ ಬರುತ್ತಾರೆ. ಒಣಭೂಮಿಯಲ್ಲಿ ಕೊಳವೆಬಾವಿ ಆಳಕ್ಕಿಳಿದಷ್ಟೂ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶದ ಚಿಂತೆ ಹೆಚ್ಚುತ್ತದೆ. ಬಡತನವೊಂದೇ ಎರಡು ಕಡೆಗೂ ಸಮಾನವಾದದ್ದು.

ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಕ್ಯಾಂಪು’ ಎಂದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಊರಿನ ಶಾಲೆಯಲ್ಲೋ ಹಾಲಿನ ಡೇರಿಯ ಕಟ್ಟಡದಲ್ಲೋ ಸಮುದಾಯ ಭವನದಲ್ಲೋ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವೈದ್ಯರು, ದಾದಿಯರು ಮತ್ತು ವಿದ್ಯಾರ್ಥಿಗಳು ಕುಳಿತು, ಹಣ ಪಡೆಯದೆ ರಕ್ತದೊತ್ತಡ ಅಳೆದು, ಬೆರಳು ಚುಚ್ಚಿ ಸಕ್ಕರೆ ಅಂಶ ನೋಡಿ, ಕಣ್ಣಿಗೆ ಟಾರ್ಚು ಹಿಡಿದು, ಕೆಲವು ಮಾತ್ರೆಗಳನ್ನು ಕೊಟ್ಟು ಹೋಗುವ ಏರ್ಪಾಟು ಅದು. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಥ ಶಿಬಿರದ ಉದ್ಘಾಟನೆಯ ಚಿತ್ರವೂ ತಪಾಸಣೆಗೆ ಬಂದವರ ಸಂಖ್ಯೆಯೂ ತಪ್ಪದೆ ಅಚ್ಚಾಗುತ್ತವೆ. ಆದರೆ ಶಿಬಿರ ಮುಗಿದ ಮರುದಿನದ ವರದಿ ಯಾವ ಪುಟದಲ್ಲೂ ಬರುವುದಿಲ್ಲ. ಬಡ ರೋಗಿಗಳ ನಡುವಿನ ಸ್ವಯಂಸೇವೆಯ ಇತಿಹಾಸವನ್ನು ಈ ಸೀಮೆಯಲ್ಲಿ ಹಿಂದಿನಿಂದ ಓದುತ್ತ ಬಂದರೆ, ಅದರ ಸೋಲು ಗೆಲುವುಗಳು ತೀರ್ಮಾನವಾಗಿರುವುದು ಬಹುಮಟ್ಟಿಗೆ ಆ ವರದಿಯಾಗದ ಮರುದಿನಗಳಲ್ಲಿಯೇ ಎಂಬುದು ಗೋಚರಿಸುತ್ತದೆ.

ಎಂಟನೆಯ ದಿನದ ಕರಾರು

1799ರಲ್ಲಿ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆಗೆ ಅಲ್ಲಿಯ ಜ್ವರವೇ ಮುಂದಿನ ಶತ್ರುವಾಯಿತು. ನದಿಯ ಎರಡು ಕವಲುಗಳ ನಡುವಿನ ಆ ದ್ವೀಪದಲ್ಲಿ ಸೊಳ್ಳೆಗಳ ಕಾಟ ತಾಳಲಾರದೆ ಸೇನೆ ಕ್ರಮೇಣ ಬೆಂಗಳೂರಿಗೆ ಸಾಗಿದ್ದು, 1809ರ ಸುಮಾರಿಗೆ ಬೆಂಗಳೂರು ದಂಡು ಪ್ರದೇಶ ರೂಪುಗೊಂಡದ್ದು ಚರಿತ್ರೆಯಲ್ಲಿ ಪರಿಚಿತ ಸಂಗತಿಗಳು. ಸೈನಿಕರಿಗೆ ಊರು ಬಿಡುವ ಅನುಕೂಲವಿತ್ತು, ಒಕ್ಕಲು ಮಕ್ಕಳಿಗೆ ಇರಲಿಲ್ಲ.

ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಅಂದರೆ ಝಾನ್ ಆಂತ್ವಾನ್ ದ್ಯುಬುವಾ, ದೇಶೀಯರ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ವಿದ್ವಾಂಸರಿಗೆ ಪರಿಚಿತನಾಗಿದ್ದರೂ, ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸದಲ್ಲಿ ಅವನು ತೊಡಗಿಕೊಂಡದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿ 1798ರಲ್ಲಿ ಪ್ರಕಟಿಸಿದ ಲಸಿಕೆಯ ವಿಧಾನ, ಅಂದರೆ ಹಸುವಿನ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ತಗುಲಿಸಿ ನಿಜವಾದ ಸಿಡುಬಿನಿಂದ ರಕ್ಷಣೆ ಪಡೆಯುವ ಕ್ರಮ, ಭಾರತದಲ್ಲಿ ಮೊದಲಿಗೆ ಫಲ ಕಂಡದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ. ಅಲ್ಲಿಂದ ಅದು ಮೈಸೂರು ಸೀಮೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯೂ ಇದಕ್ಕೆ ಬೆಂಬಲವಿತ್ತಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ಮೂವರು ರಾಜವಂಶದ ಸ್ತ್ರೀಯರ ಚಿತ್ರವು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ಇತಿಹಾಸಕಾರರು ಇತ್ತೀಚೆಗೆ ವಾದಿಸಿದ್ದಾರೆ. ಸಿಡುಬನ್ನು ‘ಅಮ್ಮ’ ಎಂದೇ ಕರೆದು, ಬೇವಿನ ಸೊಪ್ಪು ಕಟ್ಟಿ, ತಂಪು ಮಾಡಿ ಸಾಗಹಾಕುತ್ತಿದ್ದ ಜನರ ನಡುವೆ ಹಸುವಿನ ರೋಗದ ಕೀವನ್ನು ತೋಳಿಗೆ ಚುಚ್ಚಿಸಿಕೊಳ್ಳಿರೆಂದು ಹೇಳುವುದು ಸುಲಭದ ಮಾತಾಗಿರಲಾರದು.

ಆ ಲಸಿಕೆಯ ಬಳಕೆಯ ಕ್ರಮದಲ್ಲಿ ಒಂದು ಕುತೂಹಲದ ಅಂಶವಿದೆ. ಲಸಿಕೆಯನ್ನು ತಂಪುಪೆಟ್ಟಿಗೆಯಲ್ಲಿ ಕಾಪಿಡುವ ಉಪಾಯವಿಲ್ಲದ ಆ ದಿನಗಳಲ್ಲಿ ಅದು ತೋಳಿನಿಂದ ತೋಳಿಗೆ ಸಾಗಬೇಕಿತ್ತು. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ಏಳುವ ಗುಳ್ಳೆಯ ರಸವನ್ನು ತೆಗೆದು ಮುಂದಿನ ಮಗುವಿಗೆ ಹಾಕುತ್ತಿದ್ದರು. ಹೀಗಾಗಿ ಲಸಿಕೆ ಹಾಕುವವನು ಎಂಟನೆಯ ದಿನ ಅದೇ ಹಳ್ಳಿಗೆ ಮರಳಿ ಬರಲೇಬೇಕಿತ್ತು, ಅಥವಾ ಮಗುವನ್ನು ಕರೆತರುವಂತೆ ತಾಯಿಯನ್ನು ಒಪ್ಪಿಸಬೇಕಿತ್ತು. ಮರಳದಿದ್ದರೆ ಸರಪಳಿ ಕಡಿದು, ಇಡೀ ಸೀಮೆಗೆ ಲಸಿಕೆಯೇ ಇಲ್ಲವಾಗುತ್ತಿತ್ತು. ಮರುಭೇಟಿ ಎಂಬುದು ಅಲ್ಲಿ ವೈದ್ಯನ ಇಚ್ಛೆಗೆ ಬಿಟ್ಟ ಸೌಜನ್ಯವಾಗಿರದೆ ಚಿಕಿತ್ಸೆಯ ಅಂಗವೇ ಆಗಿತ್ತು. ಮುಂದಿನ ಎರಡು ಶತಮಾನಗಳ ಸೇವಾಕಾರ್ಯಗಳಲ್ಲಿ ಇಷ್ಟು ಕಟ್ಟುನಿಟ್ಟಾದ ಕರಾರು ಮತ್ತೆ ಕಾಣಸಿಗುವುದು ಅಪರೂಪ.

ನಾಲೆ ಬಂದ ನಂತರದ ಕಥೆ ಇದಕ್ಕೆ ಪೂರಕವಾಗಿದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಗದ್ದೆಗಳಿಗೆ ನೀರು ಹರಿಸಿದಾಗ ಅದರ ಹಿಂದೆಯೇ ಮಲೇರಿಯಾ ಹರಡಿತು. 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನದೊಂದಿಗೆ ಕೆಲಸ ಮಾಡುತ್ತಿದ್ದ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರು, ದಾನವಾಗಿ ಔಷಧಿ ಹಂಚುವ ಬದಲು, ಯಾವ ಜಾತಿಯ ಸೊಳ್ಳೆ ಯಾವ ನೀರಿನಲ್ಲಿ ಮೊಟ್ಟೆಯಿಡುತ್ತದೆಂಬುದನ್ನು ವರ್ಷಗಟ್ಟಲೆ ಒಂದೇ ಸ್ಥಳದಲ್ಲಿ ಕುಳಿತು ಅಭ್ಯಾಸ ಮಾಡಿದರು. ಧರ್ಮಾರ್ಥ ಸೇವೆಯ ಬಿಸಿ ಅಲ್ಲಿ ಕಡಿಮೆ, ಲೆಕ್ಕದ ಶಿಸ್ತು ಹೆಚ್ಚು. ಬಡವನಿಗೆ ಎರಡೂ ಬೇಕಾಗಿದ್ದವು.

ಗಿರಿಯ ತಪ್ಪಲಿನ ಆಸ್ಪತ್ರೆ

ಆದಿಚುಂಚನಗಿರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯ ಬಂಡೆಗಲ್ಲಿನ ಬೆಟ್ಟ. ಕಾಲಭೈರವನ ಕ್ಷೇತ್ರ, ನವಿಲುಗಳ ಧಾಮ, ಹಾಗೂ ನಾಥಪಂಥದ ದೊಡ್ಡ ಪೀಠ. ನಾಥಪಂಥವೆಂದರೆ ಗೋರಖನಾಥನ ಹೆಸರಿನೊಂದಿಗೆ ಹೆಣೆದುಕೊಂಡ, ಹಠಯೋಗವನ್ನು ಸಾಧನೆಯಾಗಿ ಹಿಡಿದ ಶೈವ ಪರಂಪರೆ. ಪಾದರಸ ಮೊದಲಾದ ಲೋಹಗಳಿಂದ ಔಷಧಿ ಸಿದ್ಧಪಡಿಸುವ ರಸಶಾಸ್ತ್ರದೊಂದಿಗೂ ಈ ಪಂಥದ ಸಿದ್ಧರಿಗೆ ನಂಟಿತ್ತೆಂದು ಪರಂಪರೆ ಹೇಳುತ್ತದೆ. ಆದರೆ ಗಿರಿಯ ಇಂದಿನ ವೈದ್ಯಸೇವೆಯ ಮೂಲವನ್ನು ಅಷ್ಟು ಹಿಂದಕ್ಕೆ ಒಯ್ಯುವುದು ಭಕ್ತಿಗೆ ಹಿತವಾದರೂ ಚರಿತ್ರೆಗೆ ಒಗ್ಗುವುದಿಲ್ಲ. ಅದರ ಕಾರಣಗಳು 20ನೆಯ ಶತಮಾನದ ಕೊನೆಯ ದಶಕಗಳಿಗೆ ಸೇರಿದವು.

1974ರಲ್ಲಿ ಪೀಠವನ್ನೇರಿದ 71ನೆಯ ಪೀಠಾಧ್ಯಕ್ಷರಾದ ಬಾಲಗಂಗಾಧರನಾಥ ಸ್ವಾಮೀಜಿ (1945–2013) ಬಂದಾಗ ಮಠ ಹೆಸರಾಂತ ಕ್ಷೇತ್ರವಾಗಿದ್ದರೂ ಸಂಸ್ಥೆಗಳಿಂದ ಶ್ರೀಮಂತವಾಗಿರಲಿಲ್ಲ. ಅನ್ನ, ಅಕ್ಷರ, ಆರೋಗ್ಯ ಎಂಬ ಕ್ರಮದಲ್ಲಿ ಮಠದ ಕೆಲಸಗಳನ್ನು ವಿಸ್ತರಿಸಿದ ಅವರ ಕಾಲದಲ್ಲಿ, ಶ್ರೀ ಆದಿಚುಂಚನಗಿರಿ ಶಿಕ್ಷಣ ಟ್ರಸ್ಟ್‌ನ ಆಶ್ರಯದಲ್ಲಿ 1986ರಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದಲ್ಲಿ, ಬೆಳ್ಳೂರು ಕ್ರಾಸಿನ ಸಮೀಪ, ಈಗ ಬಿ.ಜಿ. ನಗರ ಎಂದು ಕರೆಯುವ ಜಾಗದಲ್ಲಿ ಕಾಲೇಜೂ ಅದಕ್ಕೆ ಹೊಂದಿಕೊಂಡ ಆದಿಚುಂಚನಗಿರಿ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರವೂ ಬೆಳೆದವು. ಸ್ವಾಮೀಜಿಯವರಿಗೆ 2010ರಲ್ಲಿ ಪದ್ಮಭೂಷಣ ಸಂದಿತು. 2013ರಲ್ಲಿ ಅವರ ನಂತರ ನಿರ್ಮಲಾನಂದನಾಥ ಸ್ವಾಮೀಜಿ ಪೀಠಕ್ಕೆ ಬಂದರು. ಮುಂದೆ ಕಾಲೇಜು ಆದಿಚುಂಚನಗಿರಿ ವಿಶ್ವವಿದ್ಯಾಲಯದ ಭಾಗವಾಯಿತು. ಹೆದ್ದಾರಿಗೆ ಜೊತೆಯಾಗಿ 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಓಡತೊಡಗಿ, ಬಿ.ಜಿ. ನಗರಕ್ಕೆ ನಿಲ್ದಾಣವೂ ಬಂದಿತು.

ಆ ಸ್ಥಳದ ಆಯ್ಕೆಯೇ ಒಂದು ದೊಡ್ಡ ತೀರ್ಮಾನವಾಗಿತ್ತೆಂಬುದನ್ನು ಗಮನಿಸಬೇಕು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳು ಒಂದರ ಹಿಂದೊಂದು ತಲೆಯೆತ್ತಿದವು. ಅವುಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರಿನಂಥ ನಗರಗಳನ್ನು ಅರಸಿದರೆ, ಜಿಲ್ಲಾ ಕೇಂದ್ರವೂ ಅಲ್ಲದ, ತಾಲ್ಲೂಕು ಕೇಂದ್ರವೂ ಅಲ್ಲದ ಒಣನೆಲದ ಹೋಬಳಿಯೊಂದಕ್ಕೆ ವೈದ್ಯಕೀಯ ಕಾಲೇಜು ಬಂದದ್ದು ಅಪವಾದವೇ ಸರಿ. ಮಂಡ್ಯ ಪಟ್ಟಣದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಲು ಇನ್ನೂ ಎರಡು ದಶಕಗಳಷ್ಟು ಕಾಲ ಹಿಡಿಯಿತು. ಗಿರಿಯ ಆಸ್ಪತ್ರೆ ಬರುವವರೆಗೆ ನಾಗಮಂಗಲ, ಕೃಷ್ಣರಾಜಪೇಟೆಗಳ ಜನ ತಲೆಗೆ ಪೆಟ್ಟು ಬಿದ್ದರೆ, ಹೆರಿಗೆ ಕಷ್ಟವಾದರೆ ಮೈಸೂರಿಗೋ ಬೆಂಗಳೂರಿಗೋ ಓಡಬೇಕಾಗಿತ್ತು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಖಾಸಗಿ ಕಾಲೇಜುಗಳು ಪ್ರವೇಶಕ್ಕಾಗಿ ಪಡೆಯುತ್ತಿದ್ದ ‘ಕ್ಯಾಪಿಟೇಷನ್’ ಶುಲ್ಕವನ್ನು, ಅಂದರೆ ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ ವಸೂಲು ಮಾಡುವ ಮೊತ್ತವನ್ನು, ನಿಷೇಧಿಸಲು ಕರ್ನಾಟಕ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ಮೂಲಕ ಈ ವಿವಾದ ಸುಪ್ರೀಂ ಕೋರ್ಟನ್ನು ಮುಟ್ಟಿತು. ಖಾಸಗಿ ವೈದ್ಯಕೀಯ ಶಿಕ್ಷಣದ ಹಣಕಾಸು ಮತ್ತು ಬಡವರಿಗೆ ಸಿಗುವ ಅಗ್ಗದ ಚಿಕಿತ್ಸೆ ಎಂಬ ಎರಡು ವಿಷಯಗಳನ್ನು ಕರ್ನಾಟಕದಲ್ಲಿ ಪ್ರತ್ಯೇಕವಾಗಿ ಚರ್ಚಿಸುವುದು ರೂಢಿ: ಒಂದು ನ್ಯಾಯಾಲಯದ ವಿಷಯ, ಮತ್ತೊಂದು ಸನ್ಮಾನ ಸಮಾರಂಭದ ವಿಷಯ. ವಸ್ತುಸ್ಥಿತಿಯಲ್ಲಿ ಅವು ಒಂದೇ ಖಾತೆಯ ಎರಡು ಕಾಲಂಗಳು. ಬೋಧನಾಸ್ಪತ್ರೆ, ಅಂದರೆ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿಯೇ ಕಲಿಯುವ ಆಸ್ಪತ್ರೆ, ಮಾನ್ಯತೆ ಉಳಿಸಿಕೊಳ್ಳಬೇಕಾದರೆ ಹೊರರೋಗಿಗಳು ನಿಗದಿತ ಸಂಖ್ಯೆಯಲ್ಲಿ ಬರಬೇಕು, ಹಾಸಿಗೆಗಳು ನಿಗದಿತ ಪ್ರಮಾಣದಲ್ಲಿ ತುಂಬಿರಬೇಕು, ಹೆರಿಗೆಗಳೂ ಶಸ್ತ್ರಚಿಕಿತ್ಸೆಗಳೂ ನಡೆಯುತ್ತಿರಬೇಕು. ನಗರದಿಂದ ದೂರದ ಸ್ಥಳದಲ್ಲಿ ಹಾಸಿಗೆ ತುಂಬುವವನು ಸುತ್ತಲಿನ ಹಳ್ಳಿಯ ಬಡವನೇ; ಅವನಿಂದ ಹೆಚ್ಚು ಹಣ ಕೇಳಿದರೆ ಅವನು ಬರುವುದಿಲ್ಲ. ಆದ್ದರಿಂದ ಉಚಿತ ಹಾಸಿಗೆ, ಉಚಿತ ಊಟ, ಹಳ್ಳಿಯಿಂದ ಕರೆತರುವ ಬಸ್ಸು ಇವೆಲ್ಲ ಧರ್ಮವೂ ಹೌದು, ಪಠ್ಯಕ್ರಮದ ಅಗತ್ಯವೂ ಹೌದು.

ಇದನ್ನು ಕಟು ಟೀಕೆಯಾಗಿ ಓದಬೇಕಾಗಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ಅಗತ್ಯವಿರುವ ಸೇವೆಯೇ ಹೆಚ್ಚು ಕಾಲ ಬಾಳುತ್ತದೆಂಬುದಕ್ಕೆ ಸಾಕಷ್ಟು ನಿದರ್ಶನಗಳಿವೆ. ಆದರೆ ಈ ದೃಷ್ಟಿಯಿಂದ ನೋಡಿದಾಗ ಒಂದು ತಿದ್ದುಪಡಿ ಅನಿವಾರ್ಯವಾಗುತ್ತದೆ: ನಾಗಮಂಗಲದ ಕೂಲಿ ಹೆಂಗಸು ತನ್ನ ಹೊಟ್ಟೆಯನ್ನು ಹತ್ತು ವಿದ್ಯಾರ್ಥಿಗಳು ಮುಟ್ಟಿ ನೋಡಲು ಬಿಟ್ಟಾಗ, ಅವಳು ಪಡೆದುದಕ್ಕೆ ಸಮನಾಗಿಯೇ ಕೊಟ್ಟಿರುತ್ತಾಳೆ. ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದ ಪಕ್ಕೆಲುಬಿನ ಕೆಳಗೆ ಅಡಗಿರುವ ಅಂಗ, ಊದಿಕೊಂಡಾಗ ಬೆರಳಿಗೆ ಹೇಗೆ ತಾಗುತ್ತದೆಂಬುದನ್ನು ಯಾವ ಪುಸ್ತಕವೂ ಕಲಿಸಲಾರದು. ರಾಜ್ಯದ ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ವೃತ್ತಿ ನಡೆಸುವ ಎಷ್ಟೋ ವೈದ್ಯರಿಗೆ ಮೊದಲ ಪಾಠ ಹೇಳಿಕೊಟ್ಟವರು ಇಂಥ ವಾರ್ಡುಗಳ ಅನಾಮಿಕ ರೋಗಿಗಳು. ಅವರನ್ನು ‘ಫಲಾನುಭವಿ’ಗಳೆಂದಷ್ಟೇ ಬರೆಯುವ ವರದಿಗಳ ಭಾಷೆ ಅರ್ಧ ಸತ್ಯ.

ಪೊರೆಯ ಪಾಠ

ಶಿಬಿರವೆಂಬ ಪದ್ಧತಿ ತನ್ನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿದ್ದು ಕಣ್ಣಿನ ವಿಷಯದಲ್ಲಿ. ಕರ್ನಾಟಕದಲ್ಲಿ ಕಣ್ಣಿನ ಶಿಬಿರದ ಮಾತು ಬಂದರೆ ಡಾ. ಎಂ.ಸಿ. ಮೋದಿಯವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ 1940ರ ದಶಕದಿಂದ ಊರೂರು ತಿರುಗಿ, ಛತ್ರಗಳಲ್ಲಿ, ಶಾಲೆಗಳಲ್ಲಿ ಸಾಲುಸಾಲಾಗಿ ರೋಗಿಗಳನ್ನು ಮಲಗಿಸಿ ಕಣ್ಣಿನ ಪೊರೆ ತೆಗೆದರು. ಪೊರೆಯೆಂದರೆ ಕಣ್ಣಿನೊಳಗಿನ ಪಾರದರ್ಶಕ ಮಸೂರ ವಯಸ್ಸಿನಿಂದ ಮಬ್ಬಾಗುವ ಸ್ಥಿತಿ. ಅದಕ್ಕೆ ಶಸ್ತ್ರಚಿಕಿತ್ಸೆಯ ಹೊರತು ಮದ್ದಿಲ್ಲ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳು, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆಗಳು ಎಂದು ಗಿನ್ನೆಸ್ ದಾಖಲೆ ಪುಸ್ತಕ ಅವರ ಸಾಧನೆಯನ್ನು ಬರೆದುಕೊಂಡಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಅವರು 2005ರಲ್ಲಿ ತೀರಿಕೊಂಡರು. ಊಟದ ವ್ಯವಸ್ಥೆ, ಚಾಪೆ, ನೀರು, ಕುರುಡರ ಕೈ ಹಿಡಿದು ನಡೆಸುವವರು ಇವೆಲ್ಲವನ್ನೂ ಊರಿನವರೇ ಒದಗಿಸುತ್ತಿದ್ದ ಆ ಶಿಬಿರಗಳು ಸ್ವಯಂಸೇವೆಯ ಅತ್ಯುತ್ತಮ ಮಾದರಿಗಳಾಗಿದ್ದವು.

ಅಂದಿನ ವಿಧಾನದಲ್ಲಿ ಮಬ್ಬಾದ ಮಸೂರವನ್ನು ಇಡಿಯಾಗಿ ತೆಗೆದುಬಿಡುತ್ತಿದ್ದರು. ಅದರ ಜಾಗದಲ್ಲಿ ಬೇರೆ ಮಸೂರ ಕೂರಿಸುವ ಅನುಕೂಲ ಇರಲಿಲ್ಲ. ಆದ್ದರಿಂದ ರೋಗಿಗೆ ದಪ್ಪ ಗಾಜಿನ, ಜನ ಸೋಡಾಬುಡ್ಡಿ ಎನ್ನುತ್ತಿದ್ದ ಕನ್ನಡಕ ಅನಿವಾರ್ಯವಾಗುತ್ತಿತ್ತು. ಹೊಲದಲ್ಲಿ ಅದು ಬಿದ್ದು ಒಡೆದರೆ, ಮೊಮ್ಮಗು ಕಿತ್ತುಕೊಂಡು ಎಸೆದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮನುಷ್ಯ ಮತ್ತೆ ಹೆಚ್ಚುಕಡಿಮೆ ಕುರುಡನೇ. ಡಾಕ್ಟರು ಅಷ್ಟರಲ್ಲಿ ಮತ್ತೊಂದು ಜಿಲ್ಲೆಯಲ್ಲಿರುತ್ತಿದ್ದರು. ಇದು ವ್ಯಕ್ತಿಯೊಬ್ಬರ ಕೊರತೆಯಾಗಿರಲಿಲ್ಲ. ಆ ಕಾಲದ ತಂತ್ರಜ್ಞಾನಕ್ಕೆ ಮರುದಿನವೆಂಬುದು ಇರಲೇ ಇಲ್ಲ.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲಿಗೆ ಅಳವಡಿಸಿದ ಕೃತಕ ಮಸೂರ ಭಾರತದ ಬಡವರ ಕಣ್ಣಿಗೆ ತಲುಪಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯು 1992ರಲ್ಲಿ ತನ್ನದೇ ಕಾರ್ಖಾನೆಯಲ್ಲಿ ಮಸೂರ ತಯಾರಿಸತೊಡಗಿದ ಮೇಲೆ ಅದರ ಬೆಲೆ ಬಹಳವಾಗಿ ಇಳಿಯಿತು. ಮಸೂರ ಕೂರಿಸಲು ಸೂಕ್ಷ್ಮದರ್ಶಕವೂ ಶುದ್ಧ ಶಸ್ತ್ರಚಿಕಿತ್ಸಾ ಕೊಠಡಿಯೂ ಬೇಕು. ತಾತ್ಕಾಲಿಕ ಶಿಬಿರಗಳಲ್ಲಿ ಸೋಂಕು ತಗುಲಿ ದೃಷ್ಟಿ ಕಳೆದುಕೊಂಡವರ ಪ್ರಕರಣಗಳು ದೇಶದ ಅಲ್ಲಲ್ಲಿ ವರದಿಯಾದ ಮೇಲೆ ಶಾಲೆಯ ಬೆಂಚಿನ ಮೇಲೆ ಕಣ್ಣು ಕೊಯ್ಯುವ ಕಾಲ ಮುಗಿಯಿತು. ಈಗಿನ ಕ್ರಮದಲ್ಲಿ ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ. ಪೊರೆ ಬಲಿತವರನ್ನು ವಾಹನದಲ್ಲಿ ಮೂಲ ಆಸ್ಪತ್ರೆಗೆ ಕರೆದೊಯ್ದು, ಶಸ್ತ್ರಚಿಕಿತ್ಸೆ ಮಾಡಿಸಿ, ಊಟ ಕೊಟ್ಟು, ಮತ್ತೆ ಊರಿಗೆ ಬಿಡುತ್ತಾರೆ. ಬೋಧನಾಸ್ಪತ್ರೆಯೊಂದು ಹತ್ತಿರವಿರುವುದರ ನಿಜವಾದ ಪ್ರಯೋಜನ ಇಲ್ಲಿದೆ. ಕೃಷ್ಣರಾಜಪೇಟೆಯ ಕಿಕ್ಕೇರಿ ಕಡೆಯ ವೃದ್ಧೆಗೆ ಕಣ್ಣು ಕೆಂಪಾದರೆ ಹೋಗಿ ತೋರಿಸಲು ಒಂದು ಕಟ್ಟಡವಿದೆ, ಅಲ್ಲಿ ಅವಳ ಹೆಸರಿನ ಚೀಟಿಯಿದೆ.

ಪೊರೆಯ ಈ ಯಶಸ್ಸೇ ಶಿಬಿರದ ಬಗ್ಗೆ ಒಂದು ಭ್ರಮೆಯನ್ನೂ ಹುಟ್ಟಿಸಿದೆ. ಪೊರೆಯು ಒಮ್ಮೆ ತೆಗೆದರೆ ತೀರುವ ರೋಗ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹಾಗಲ್ಲ. ‘ಶುಗರ್ ಐತೆ, ಬಿ.ಪಿ. ಐತೆ’ ಎಂದು ಶಿಬಿರದಲ್ಲಿ ಮೊದಲ ಬಾರಿಗೆ ತಿಳಿದವನಿಗೆ ಕೊಡುವ ಹತ್ತು ದಿನದ ಮಾತ್ರೆಗಳು ಹನ್ನೊಂದನೆಯ ದಿನಕ್ಕೆ ಏನನ್ನೂ ಉಳಿಸುವುದಿಲ್ಲ. ಅವನು ಮಾತ್ರೆ ಮುಗಿದೊಡನೆ ಕಾಯಿಲೆಯೂ ಮುಗಿಯಿತೆಂದು ತಿಳಿಯುವ ಸಂಭವವಿದೆ. ಮುಂದಿನ ವರ್ಷದ ಶಿಬಿರದಲ್ಲಿ ಮತ್ತೆ ಹೊಸ ರೋಗಿಯಾಗಿ ಪಟ್ಟಿ ಸೇರುತ್ತಾನೆ, ಸಂಖ್ಯೆ ಬೆಳೆಯುತ್ತದೆ. ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್, ಅಂದರೆ ಯಂತ್ರದ ಮೂಲಕ ರಕ್ತಶುದ್ಧಿ, ಬೇಕಾಗುವ ಹಂತಕ್ಕೆ ಬಂದಮೇಲೆ ಯಾವ ಶಿಬಿರವೂ ಅವನ ನೆರವಿಗೆ ಒದಗುವುದಿಲ್ಲ. ನೀರಿನ ಫ್ಲೋರೈಡ್ ವಿಷಯದಲ್ಲಂತೂ ವೈದ್ಯನ ಪಾತ್ರ ಇನ್ನೂ ಕಿರಿದು. ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗಿ, ಮಿತಿ ಬಹಳ ಮೀರಿದ ಕಡೆ ಮೂಳೆಗಳೂ ಕೀಲುಗಳೂ ಬಿಗಿಯುತ್ತವೆ; ಅದಕ್ಕೆ ಬೇಕಾದುದು ಮಾತ್ರೆಯ ಬದಲು ಬೇರೆ ನೀರು, ಅಂದರೆ ಪಂಚಾಯಿತಿಯ ಕೆಲಸ.

ವೈದ್ಯಕೀಯ ಸೌಲಭ್ಯ ಹಳ್ಳಿಗೆ ಹತ್ತಿರವಾದಷ್ಟೂ ಒಳಿತೇ ಆಗುತ್ತದೆಂಬ ನಂಬಿಕೆಗೂ ಈ ಜಿಲ್ಲೆ ಕಹಿಯಾದ ಉತ್ತರ ಕೊಟ್ಟಿದೆ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ, ಯಂತ್ರವೂ ತಜ್ಞತೆಯೂ ಹಳ್ಳಿಯ ಅಂಚಿಗೆ ಬಂದು ತಲುಪಿದ್ದವು. ಬಂದ ದಾರಿ ಮಾತ್ರ ಬೇರೆಯದಾಗಿತ್ತು.

ಉಚಿತವೆಂಬುದರ ಹೊಸ ಅರ್ಥ

ಕಳೆದ ಎರಡು ದಶಕಗಳಲ್ಲಿ ಧರ್ಮಾರ್ಥ ಚಿಕಿತ್ಸೆಯ ಅಡಿಪಾಯವೇ ಬದಲಾಗಿದೆ. ಮಂಡ್ಯ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಸಲಹೆಯೊಂದಿಗೆ ರೂಪುಗೊಂಡು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಿಗೆ, ಅಂದರೆ ಈ ಸೀಮೆಯಲ್ಲಿ ಡೇರಿಗೆ ಹಾಲು ಹಾಕುವ ಪ್ರತಿ ಮನೆಗೂ, ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿಯ ವಂತಿಗೆಗೆ ಶಸ್ತ್ರಚಿಕಿತ್ಸೆಯ ಭರವಸೆಯನ್ನು ನೀಡಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, 2023ರ ಆರಂಭದಲ್ಲಿ ಮತ್ತೆ ಪ್ರತ್ಯೇಕವಾಗಿ ಮರಳಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇದರ ಪರಿಣಾಮವಾಗಿ ಒಂದು ಕಾಲಕ್ಕೆ ಮಠದ ದಾಸೋಹದಂತೆ, ಯಾವ ಕಾಗದವೂ ಇಲ್ಲದೆ ದೊರೆಯುತ್ತಿದ್ದ ಉಚಿತ ಚಿಕಿತ್ಸೆ ಈಗ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇವುಗಳ ಮೂಲಕ ಹರಿಯುತ್ತದೆ. ಖರ್ಚನ್ನು ಸರ್ಕಾರ ತುಂಬಿಕೊಡುವಾಗ ಆಸ್ಪತ್ರೆ ಮಾಡುತ್ತಿರುವುದನ್ನು ದಾನವೆಂದು ಕರೆಯಬೇಕೋ ಗುತ್ತಿಗೆಯೆಂದು ಕರೆಯಬೇಕೋ ಎಂಬ ಪ್ರಶ್ನೆ ಉಳಿದರೂ, ಯಾಚಕನಾಗಿ ಬರುತ್ತಿದ್ದವನು ಹಕ್ಕುದಾರನಾಗಿ ಬರುವಂತಾದದ್ದು ಸಣ್ಣ ಬದಲಾವಣೆಯಲ್ಲ. ಇಂದಿನ ಸ್ವಯಂಸೇವಕನ ಉಪಯುಕ್ತ ಕೆಲಸ ಮಾತ್ರೆ ಹಂಚುವುದಕ್ಕಿಂತ ಹೆಚ್ಚಾಗಿ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಯ ಯಾವ ಕೊಠಡಿಯಲ್ಲಿ ಆ ಚೀಟಿ ಬರೆದುಕೊಡುತ್ತಾರೆಂದು ಅಕ್ಷರ ಬಾರದವರನ್ನು ಕರೆದೊಯ್ದು ತೋರಿಸುವುದೇ ಆಗಿದೆ. ಅದಕ್ಕೆ ಫ್ಲೆಕ್ಸ್ ಕಟ್ಟಿಸುವವರು ವಿರಳ.

ಹತ್ತಿರದ ಜಿಲ್ಲೆಗಳ ಎರಡು ಪ್ರಯೋಗಗಳೊಂದಿಗೆ ಹೋಲಿಸಿದರೆ ಈ ವಿಷಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಡಾ. ಎಚ್. ಸುದರ್ಶನ್, ಚಿಕಿತ್ಸೆಯಿಂದ ಹೊರಟು ಶಾಲೆಗೆ, ಶಾಲೆಯಿಂದ ಭೂಮಿಯ ಹಕ್ಕಿಗೆ ಸಾಗಿದರು. ಅವರು ಕಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೇ ವಹಿಸಿಕೊಂಡಿತು. ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ನೆಲೆಯೂರಿ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ಇವೆರಡೂ ರೋಗಿಗಳ ಸಂಖ್ಯೆಯಲ್ಲಿ ಬೋಧನಾಸ್ಪತ್ರೆಗೆ ಎಂದೂ ಸಮನಾಗಲಾರವು; ವೈದ್ಯರು ಜನರ ನಡುವೆಯೇ ವಾಸಿಸಿದ ವರ್ಷಗಳಲ್ಲಿ ಬೋಧನಾಸ್ಪತ್ರೆಯೂ ಅವುಗಳಿಗೆ ಸಮನಲ್ಲ. ಇನ್ನು ಮಂಡ್ಯ ಪಟ್ಟಣದಲ್ಲಿಯೇ ಐದು ರೂಪಾಯಿ ಡಾಕ್ಟರೆಂದು ಹೆಸರಾದ ಚರ್ಮರೋಗ ತಜ್ಞ ಡಾ. ಶಂಕರೇಗೌಡರ ಕ್ರಮ ಮೂರನೆಯದು. ಅಲ್ಲಿ ಸಂಸ್ಥೆಯೂ ಇಲ್ಲ, ಶಿಬಿರವೂ ಇಲ್ಲ. ನಾಳೆಯೂ ಅದೇ ಜಾಗದಲ್ಲಿ ಅದೇ ಮನುಷ್ಯ ಸಿಗುತ್ತಾನೆಂಬ ನಂಬಿಕೆ, ಆ ಐದು ರೂಪಾಯಿಗಿಂತ ಹೆಚ್ಚಾಗಿ, ರೋಗಿಗಳನ್ನು ಅಲ್ಲಿಗೆ ಎಳೆದು ತಂದಿದೆ.

ಸೇವೆಯನ್ನು ಕಾನೂನಿನಿಂದ ಮಾಡಿಸಲು ಸಾಧ್ಯವೇ ಎಂಬ ಪ್ರಯತ್ನವೂ ನಡೆದಿದೆ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು. ಅದು ವರ್ಷಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿಯಿತು. ಅದಕ್ಕೂ ಮೊದಲು, 1977ರಲ್ಲಿ, ವೈದ್ಯಕೀಯ ಕಾಲೇಜುಗಳು ಸುತ್ತಲಿನ ಗ್ರಾಮೀಣ ಬ್ಲಾಕುಗಳ ಆರೋಗ್ಯದ ಹೊಣೆಯಲ್ಲಿ ಪಾಲುಗೊಳ್ಳಬೇಕೆಂದು ಕೇಂದ್ರ ಸರ್ಕಾರ ಯೋಜನೆ ರೂಪಿಸಿ ಸಂಚಾರಿ ಚಿಕಿತ್ಸಾಲಯಗಳ ವಾಹನಗಳನ್ನೂ ಕೊಟ್ಟಿತ್ತು. ಆ ವಾಹನಗಳು ತುಕ್ಕು ಹಿಡಿಯುವುದಕ್ಕೂ ಮೊದಲೇ ಯೋಜನೆ ತುಕ್ಕು ಹಿಡಿಯಿತೆಂದು ಹೇಳಿದರೆ ತಪ್ಪಾಗಲಾರದು.

ಈ ಸಾಲಿನ ಇತ್ತೀಚಿನ ಪ್ರಯತ್ನವೆಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021–22ರ ಸಾಲಿನಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಆರಂಭಿಸಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ಸೇರಿಸಿದ ಕುಟುಂಬ ದತ್ತು ಕಾರ್ಯಕ್ರಮ. ಇದರಂತೆ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಲ್ಲಿಯೇ ಹಳ್ಳಿಯೊಂದರ ಕೆಲವು ಕುಟುಂಬಗಳ ಹೊಣೆ ಹೊತ್ತು, ಮುಂದಿನ ವರ್ಷಗಳಲ್ಲಿಯೂ ಅದೇ ಮನೆಗಳಿಗೆ ಹೋಗಿ, ಮನೆಯವರ ತೂಕ, ರಕ್ತದೊತ್ತಡ, ಗರ್ಭಿಣಿಯ ಆರೈಕೆ, ಮಗುವಿನ ಲಸಿಕೆ ಇವುಗಳನ್ನು ದಾಖಲಿಸಬೇಕು. ‘ದತ್ತು’ ಎಂಬ ಹೆಸರು ಸ್ವಲ್ಪ ಅತಿಯಾಯಿತು, ಹಳ್ಳಿಯ ಮನೆಗಳು ಅನಾಥವಲ್ಲ. ಆದರೂ ಒಂದೇ ದಿನದ ಶಿಬಿರಕ್ಕೆ ಹೋಲಿಸಿದರೆ ಇದರಲ್ಲಿ ಮರಳಿ ಬರುವ ಕಟ್ಟುಪಾಡು ಇದೆ, ಮತ್ತು ವಿದ್ಯಾರ್ಥಿಗೆ ರೋಗ ಆಸ್ಪತ್ರೆಯ ಹಾಸಿಗೆಯಲ್ಲಿ ಹುಟ್ಟುವುದಿಲ್ಲ, ಅಡಿಗೆಮನೆಯ ಹೊಗೆಯಲ್ಲಿ, ಕೊಳವೆಬಾವಿಯ ನೀರಿನಲ್ಲಿ, ಸಾಲದ ಕಂತಿನಲ್ಲಿ ಹುಟ್ಟುತ್ತದೆಂಬುದು ತಿಳಿಯುವ ಅವಕಾಶವಿದೆ.

ಕಾರ್ಯಕ್ರಮದ ದುರ್ಬಲ ಕೊಂಡಿ ಅದರ ಕೊನೆಯಲ್ಲಿದೆ. ವಿದ್ಯಾರ್ಥಿ ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ತರಬೇತಿ ಮುಗಿಸಿ, ಸ್ನಾತಕೋತ್ತರ ಪರೀಕ್ಷೆಗೆ ಓದಲು ಊರು ಬಿಟ್ಟಾಗ, ಅವನು ತುಂಬಿದ ಪುಸ್ತಕ ಮೌಲ್ಯಮಾಪನಕ್ಕಾಗಿ ಕಾಲೇಜಿನ ವಿಭಾಗದ ಕಪಾಟು ಸೇರುತ್ತದೆ. ಆ ಮನೆಯ ಗಂಡಸಿನ ಶುಗರ್ ಏರಿದ್ದು, ಸೊಸೆಗೆ ರಕ್ತಹೀನತೆಯಿರುವುದು ಅದರೊಳಗೇ ಉಳಿಯುತ್ತದೆ. ಅದೇ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ, ಅಂದರೆ ಊರಿನಿಂದಲೇ ಆಯ್ಕೆಯಾಗಿ ಗೌರವಧನಕ್ಕೆ ದುಡಿಯುವ ಆರೋಗ್ಯ ಕಾರ್ಯಕರ್ತೆ, ತನ್ನದೇ ಬೇರೊಂದು ಪುಸ್ತಕ ಬರೆಯುತ್ತಿರುತ್ತಾಳೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರು ಬದಲಿಸಿಕೊಂಡ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮೂರನೆಯದನ್ನು ಟ್ಯಾಬ್‌ನಲ್ಲಿ ತುಂಬುತ್ತಿರುತ್ತಾರೆ. ಈ ಮೂರೂ ಒಂದಾಗಬೇಕಾದರೆ ಹೊಸ ಆಸ್ಪತ್ರೆಯಾಗಲಿ ದೊಡ್ಡ ದಾನಿಯಾಗಲಿ ಬೇಕಿಲ್ಲ. ವಿದ್ಯಾರ್ಥಿಯ ಪುಸ್ತಕದ ಒಂದು ಪ್ರತಿ, ರೋಗಿಯ ಒಪ್ಪಿಗೆಯೊಂದಿಗೆ, ಆಶಾ ಕಾರ್ಯಕರ್ತೆಯ ಕೈಗೆ ಹೋಗುವಂತೆ ಖಾಸಗಿ ಕಾಲೇಜುಗಳೂ ಜಿಲ್ಲಾ ಆರೋಗ್ಯ ಇಲಾಖೆಯೂ ಲಿಖಿತ ಒಪ್ಪಂದ ಮಾಡಿಕೊಂಡು, ಮುಂದಿನ ತಂಡದ ವಿದ್ಯಾರ್ಥಿಗೆ ಅದೇ ಮನೆಗಳನ್ನು ವಹಿಸಿಕೊಟ್ಟರೆ ಸಾಕು.